ಡೀಸೆಲ್ ಪಿಕಪ್‌ನ ಹೈ ಪ್ರೆಶರ್ ಪಂಪ್ ಕೈಕೊಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಡೀಸೆಲ್ ಪಿಕಪ್ ಇಟ್ಟುಕೊಂಡವರು ಎಂಜಿನ್ ಆಯಿಲ್ ಬಗ್ಗೆ ತಲೆ ಕೆಡಿಸಿಕೊಂಡಷ್ಟು ಹೈ ಪ್ರೆಶರ್ ಪಂಪ್ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಎಂಜಿನ್ ಕಡೆಗೆ ತಳ್ಳುವ ಪಂಪ್ ಅದು. ಆದರೆ ಜೇಬಿಗೆ ದೊಡ್ಡ ಹೊಡೆತ ಕೊಡುವುದು ಅದೇ. ಪಂಪ್ ಒಳಗೆ ಸವೆದು ಹೋದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಅದರ ಲೋಹದ ಪುಡಿ ಒತ್ತಡದ ಡೀಸೆಲ್ ನಿಲ್ಲುವ ಕೊಳವೆಯಾದ ರೈಲ್‌ಗೆ ಹೋಗುತ್ತದೆ, ಡೀಸೆಲ್ಲನ್ನು ಎಂಜಿನ್ ಒಳಗೆ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಹೋಗುತ್ತದೆ, ರಿಟರ್ನ್ ಲೈನ್ ಹಿಡಿದು ವಾಪಸ್ ಟ್ಯಾಂಕ್‌ಗೂ ಬರುತ್ತದೆ. ಆಮೇಲೆ ಅಮೆರಿಕದ ಗ್ಯಾರೇಜ್‌ಗಳಲ್ಲಿ ಬಿಲ್ 10,000 ಡಾಲರ್ ಹತ್ತಿರ ಹೋಗುವುದು ಮಾಮೂಲು.

ಮೊದಲು ನಿಮ್ಮ ಗಾಡಿಯಲ್ಲಿ ಯಾವ ಪಂಪ್ ಇದೆ ಎಂದು ತಿಳಿದುಕೊಳ್ಳಿ. ಜಾಸ್ತಿ ದೂರು ಬಂದಿರುವುದು ಬಾಷ್ ಸಿಪಿ4 ಪಂಪ್ ಮೇಲೆ. 2011ರಿಂದ ಬಂದ ಫೋರ್ಡ್ 6.7 ಪವರ್‌ಸ್ಟ್ರೋಕ್, 2011ರಿಂದ 2016ರವರೆಗಿನ ಜಿಎಂ ಕಂಪನಿಯ ಡ್ಯೂರಾಮ್ಯಾಕ್ಸ್ ಎಲ್‌ಎಂಎಲ್, 2019 ಮತ್ತು 2020ರ ರ‍್ಯಾಮ್ 6.7 ಕಮಿನ್ಸ್, ಈ ಮೂರು ಎಂಜಿನ್‌ಗಳಲ್ಲೂ ಇರುವುದು ಅದೇ ಜಾತಿಯ ಪಂಪ್. ರ‍್ಯಾಮ್‌ನ ಆ ಎರಡು ವರ್ಷದ ಗಾಡಿಗಳಿಗೆ 2021ರಲ್ಲಿ ರೀಕಾಲ್ ಆಯಿತು, ಸುಮಾರು 2.2 ಲಕ್ಷ ಗಾಡಿಗಳು. ಕಂಪನಿ 2021ರ ಮಾಡೆಲ್‌ನಿಂದ ಹಳೆಯ ಸಿಪಿ3ಗೇ ಮರಳಿತು. 2017ರಿಂದ ಬಂದ ಡ್ಯೂರಾಮ್ಯಾಕ್ಸ್ ಎಲ್5ಪಿಯಲ್ಲಿ ಡೆನ್ಸೋ ಪಂಪ್ ಇದೆ, ಟ್ಯಾಂಕ್ ಒಳಗೇ ಡೀಸೆಲ್ಲನ್ನು ಮುಂದಕ್ಕೆ ತಳ್ಳುವ ಲಿಫ್ಟ್ ಪಂಪ್ ಕೂಡ ಇದೆ, ಅಲ್ಲಿ ಈ ತಲೆನೋವು ಅಷ್ಟಿಲ್ಲ. ನಿಮ್ಮದು ರೀಕಾಲ್ ಪಟ್ಟಿಯಲ್ಲಿರುವ ಗಾಡಿಯಾದರೆ ಚಾಸಿಸ್ ನಂಬರ್ ಹಾಕಿ ನೋಡಿ, ಆ ಕೆಲಸ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ದುಡ್ಡು ಕೊಡದೆ ಆಗುವ ಕೆಲಸವನ್ನು ಬಾಕಿ ಇಟ್ಟುಕೊಳ್ಳಬೇಡಿ.

ಈಗ ಇದು ಯಾಕೆ ಹಾಳಾಗುತ್ತದೆ ಅಂತ ನೋಡೋಣ, ಕಾರಣ ಗೊತ್ತಾದರೆ ಏನು ಮಾಡಬೇಕು ಅನ್ನುವುದು ಅರ್ಧ ತಾನಾಗಿಯೇ ಗೊತ್ತಾಗುತ್ತದೆ. ಈ ಪಂಪ್‌ಗೆ ಎಂಜಿನ್ ಆಯಿಲ್ ಹೋಗುವುದಿಲ್ಲ. ಡೀಸೆಲ್ಲೇ ಅದರ ಆಯಿಲ್. 90ರ ದಶಕದ ಡಾಡ್ಜ್ ಗಾಡಿಗಳಲ್ಲಿದ್ದ ಪಿ7100 ಪಂಪ್‌ಗೆ ಎಂಜಿನ್ ಆಯಿಲ್ ಹೋಗುತ್ತಿತ್ತು, ಅದು ಇವತ್ತಿಗೂ ಗಟ್ಟಿ ಪಂಪ್ ಅಂತ ಹೆಸರು ಉಳಿಸಿಕೊಂಡಿದೆ. ಸಿಪಿ4ನಲ್ಲಿ ಎರಡು ಪಿಸ್ಟನ್. ಒಂದೊಂದರ ಕೆಳಗೂ ಒಂದು ಟ್ಯಾಪೆಟ್, ಆ ಟ್ಯಾಪೆಟ್‌ನ ರೋಲರ್ ಉಬ್ಬುಗಳಿರುವ, ತಿರುಗುವ ಕ್ಯಾಮ್ ಮೇಲೆ ಉರುಳುತ್ತಾ ಪಿಸ್ಟನ್ನನ್ನು ಮೇಲೆ ತಳ್ಳುತ್ತದೆ, ಸುಮಾರು 2,000 ಬಾರ್ ಪ್ರೆಶರ್ ಹುಟ್ಟುವುದು ಹೀಗೆ. ರೋಲರ್ ನೆಟ್ಟಗೆ ಇರುವವರೆಗೆ ಎಲ್ಲ ಸರಿ. ಒಳಗೆ ಏರ್ ಹೋದರೆ, ನೀರು ಹೋದರೆ ಅಥವಾ ಜಿಡ್ಡಿಲ್ಲದ ಡೀಸೆಲ್ ಹೋದರೆ ಟ್ಯಾಪೆಟ್ ತನ್ನ ಜಾಗದಲ್ಲೇ ತಿರುಗಿಕೊಳ್ಳಬಹುದು. ಆಗ ರೋಲರ್ ಅಡ್ಡಕ್ಕೆ ನಿಲ್ಲುತ್ತದೆ, ಉರುಳುವ ಬದಲು ಕ್ಯಾಮನ್ನು ಉಜ್ಜಲು ಶುರು ಮಾಡುತ್ತದೆ. ಅಲ್ಲಿಂದ ಪುಡಿ ಉದುರಲು ಶುರು.

ಇನ್ನು ಡೀಸೆಲ್‌ನ ಜಿಡ್ಡಿನ ವಿಷಯ. ಅಮೆರಿಕದಲ್ಲಿ 2006ರಿಂದ ರಸ್ತೆ ಮೇಲೆ ಓಡುವ ಗಾಡಿಗಳ ಡೀಸೆಲ್‌ನಲ್ಲಿ ಗಂಧಕವನ್ನು 500 ಪಿಪಿಎಂನಿಂದ 15ಕ್ಕೆ ಇಳಿಸಿದರು. ಹೊಗೆಗೆ ಅದು ಒಳ್ಳೆಯದೇ, ಆದರೆ ಗಂಧಕ ತೆಗೆಯುವಾಗ ಡೀಸೆಲ್‌ನಲ್ಲಿ ಸಹಜವಾಗಿ ಇರುವ ಜಿಡ್ಡಿನ ಅಂಶವೂ ಹೋಗುತ್ತದೆ. ಅದನ್ನು ಸರಿ ಮಾಡಲು ತೈಲ ಕಂಪನಿಗಳು ಆಮೇಲೆ ಬೇರೆ ಅಂಶ ಬೆರೆಸುತ್ತವೆ. ಎಷ್ಟು ಜಿಡ್ಡು ಇರಬೇಕು ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ, ಲೋಹಕ್ಕೆ ಲೋಹ ಉಜ್ಜಿ ಬೀಳುವ ಗಾಯದ ಅಗಲ ಅಳೆಯುತ್ತಾರೆ. ಅಮೆರಿಕದಲ್ಲಿ 520 ಮೈಕ್ರಾನ್‌ವರೆಗೆ ಒಪ್ಪಿಗೆ. ಯುರೋಪ್‌ನಲ್ಲಿ 460 ಮಾತ್ರ. ಗಾಯ ಸಣ್ಣದಿದ್ದಷ್ಟೂ ಪಂಪ್‌ಗೆ ಒಳ್ಳೆಯದು. ಅಂದರೆ ಅಮೆರಿಕದ ಬಂಕ್‌ನಲ್ಲಿ ಸಿಗುವ ಡೀಸೆಲ್ ಕಾನೂನಿನ ಪ್ರಕಾರ ಸರಿ ಇದ್ದರೂ ಈ ಪಂಪ್‌ಗೆ ಸ್ವಲ್ಪ ಒಣಕಲೇ.

ಹಾಗಾಗಿ ಮೊದಲ ಕೆಲಸ, ಪ್ರತಿ ಸಲ ಡೀಸೆಲ್ ತುಂಬಿಸುವಾಗ ಒಳ್ಳೆಯ ಲೂಬ್ರಿಸಿಟಿ ಅಡಿಟಿವ್ (ಜಿಡ್ಡು ಹೆಚ್ಚಿಸುವ ದ್ರವ) ಹಾಕಿ. ಬಾಟಲಿ ಮೇಲೆ ಬರೆದ ಅಳತೆಯಷ್ಟೇ ಹಾಕಿ, ಜಾಸ್ತಿ ಹಾಕಿದರೆ ಜಾಸ್ತಿ ಲಾಭ ಅಂತೇನಿಲ್ಲ. ಆಲ್ಕೋಹಾಲ್ ಇರುವುದನ್ನು ತೆಗೆದುಕೊಳ್ಳಬೇಡಿ, ಅದು ನೀರನ್ನು ಡೀಸೆಲ್ ಜೊತೆ ಬೆರೆಸಿ ಪಂಪ್ ಒಳಗೇ ಕಳಿಸುತ್ತದೆ. ಡೀಸೆಲ್‌ನಿಂದ ನೀರನ್ನು ಬೇರೆ ಮಾಡುವ ಸೆಪರೇಟರ್‌ನಲ್ಲಿ ನಿಲ್ಲಬೇಕಾದ ನೀರು ಅದು. ಎರಡರಿಂದ ಐದು ಪರ್ಸೆಂಟ್ ಬಯೋಡೀಸೆಲ್ ಬೆರೆತ ಡೀಸೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಆ ಸ್ವಲ್ಪದಲ್ಲೇ ಜಿಡ್ಡು ಚೆನ್ನಾಗಿ ಏರುತ್ತದೆ. ಕೆಲವರು ಟ್ಯಾಂಕ್‌ಗೆ ಗೇರ್ ಆಯಿಲ್, ಟೂ ಸ್ಟ್ರೋಕ್ ಆಯಿಲ್ ಸುರಿಯುತ್ತಾರೆ. ಹಳೆಯ ಎಂಜಿನ್‌ಗಳ ಕಾಲದಲ್ಲಿ ನಡೆಯುತ್ತಿತ್ತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗೆ ಬೇಡವೇ ಬೇಡ, ಆ ಆಯಿಲ್‌ನ ಬೂದಿ ಹೋಗಿ ಡಿಪಿಎಫ್‌ನಲ್ಲಿ ಕೂರುತ್ತದೆ.

ಎರಡನೆಯದು ಏರ್. ಟ್ಯಾಂಕ್ ತಳ ಕಾಣುವವರೆಗೆ ಓಡಿಸಬೇಡಿ. ಕಾಲು ಟ್ಯಾಂಕ್ ಉಳಿದಾಗಲೇ ತುಂಬಿಸುವ ಅಭ್ಯಾಸ ಇರಲಿ. ಫಿಲ್ಟರ್ ಬದಲಿಸಿದ ಮೇಲೆ ಸುಮ್ನೆ ಸೆಲ್ಫ್ ಹೊಡೆಯುವುದು ತಪ್ಪು, ಪಂಪ್ ಒಳಗೆ ಒಣ ಒಣವಾಗಿ ತಿರುಗುತ್ತದೆ. ಫೋರ್ಡ್‌ನಲ್ಲಿ ಕೀ ಆನ್ ಮಾಡಿ ಎಲೆಕ್ಟ್ರಿಕ್ ಪಂಪ್ ಓಡಲು ಬಿಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಸಲ. ಎಲ್‌ಎಂಎಲ್‌ನಲ್ಲಿ ಫಿಲ್ಟರ್ ಮೇಲೆ ಕೈಯಲ್ಲಿ ಒತ್ತುವ ಪ್ರೈಮರ್ ಇದೆ, ಅದು ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ. ಎಲ್‌ಎಂಎಲ್‌ಗೆ ಕಂಪನಿಯಿಂದ ಎಲೆಕ್ಟ್ರಿಕ್ ಲಿಫ್ಟ್ ಪಂಪ್ ಬಂದಿಲ್ಲ, ಟ್ಯಾಂಕ್‌ನಿಂದ ಎಂಜಿನ್‌ವರೆಗೆ ಡೀಸೆಲ್ಲನ್ನು ಎಳೆದುಕೊಳ್ಳಬೇಕು, ಎಲ್ಲೋ ಒಂದು ಕಡೆ ಪೈಪ್ ಸಡಿಲ ಇದ್ದರೂ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಆ ಗಾಡಿಗೆ ಒಳ್ಳೆಯ ಲಿಫ್ಟ್ ಪಂಪ್ ಹಾಕಿಸುವುದಕ್ಕೆ ಹಿಂದೆ ಮುಂದೆ ನೋಡಬೇಡಿ, ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ನೀರಿನದು ಸುಲಭ. ಸೆಪರೇಟರ್‌ನಿಂದ ಆಗಾಗ ನೀರು ಬಿಡಿ, ವಾರ್ನಿಂಗ್ ಲೈಟ್ ಬರುವವರೆಗೆ ಕಾಯಬೇಡಿ. ಲೈಟ್ ಬಂದರೆ ಅವತ್ತೇ ಬಿಡಿ. ಫಿಲ್ಟರ್‌ನಲ್ಲಿ ಅಗ್ಗದ್ದು ಹುಡುಕಬೇಡಿ, ಕಂಪನಿಯದೇ ಹಾಕಿ, ಹೇಳಿದ ಮೈಲಿಗಿಂತ ಮುಂಚೆಯೇ ಬದಲಿಸಿ.

ಸೆಪರೇಟರ್‌ನಿಂದ ಬಿಟ್ಟ ಡೀಸೆಲ್ಲನ್ನು ಸುಮ್ನೆ ಚೆಲ್ಲಬೇಡಿ, ಅದರಲ್ಲೇ ಪಂಪ್‌ನ ಜಾತಕ ಇದೆ. ಪಾರದರ್ಶಕ ಗಾಜಿನ ಬಾಟಲಿಗೆ ಹಿಡಿಯಿರಿ, ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆಮೇಲೆ ಟಾರ್ಚ್ ಬಿಟ್ಟು ಬಾಟಲಿಯನ್ನು ನಿಧಾನವಾಗಿ ತಿರುಗಿಸಿ. ಬೆಳ್ಳಿ ಬಣ್ಣದ ಸಣ್ಣ ಮಿನುಗು ಸುಳಿದಾಡಿದರೆ ಕೆಟ್ಟ ಸುದ್ದಿ. ಬಾಟಲಿಯ ಹೊರಗಿಂದ ಅಯಸ್ಕಾಂತ ಹಿಡಿದು ಮೇಲಕ್ಕೆ ಎಳೆಯಿರಿ, ಕಪ್ಪು ಗೆರೆಯಂತೆ ಏನಾದರೂ ಹಿಂದೆ ಬಂದರೆ ಅದು ಕಬ್ಬಿಣದ ಪುಡಿ. ಇನ್ನೂ ಖಾತ್ರಿ ಬೇಕಾದರೆ ಪಂಪ್ ಮೇಲಿನ ಮೀಟರಿಂಗ್ ವಾಲ್ವ್ (ಪಿಸ್ಟನ್‌ಗೆ ಎಷ್ಟು ಡೀಸೆಲ್ ಹೋಗಬೇಕು ಅಂತ ನಿಯಂತ್ರಿಸುವುದು) ಬಿಚ್ಚಿಸಿ ನೋಡಬೇಕು. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ, ಸುತ್ತಲೂ ಒರೆಸಿ ಬಿಚ್ಚಬೇಕು. ವಾಲ್ವ್‌ನ ಸಣ್ಣ ಜರಡಿಯಲ್ಲಿ ಹೊಳೆಯುವ ಪುಡಿ ಸಿಕ್ಕಿದರೆ ಆ ಪಂಪ್ ಆಗಲೇ ಸವೆಯುತ್ತಿದೆ ಅಂತ ಅರ್ಥ. ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪ್‌ಗೆ ಸ್ಪ್ಯಾನರ್ ಹಾಕಬೇಡಿ, ಎಲ್ಲಿ ಸೋರುತ್ತಿದೆ ಅಂತ ಕೈ ಇಟ್ಟು ನೋಡಬೇಡಿ. ಆ ಪ್ರೆಶರ್‌ನಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣ ಚುಕ್ಕೆಯಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು.

ಪಂಪ್ ಹೋಗುವುದನ್ನು ತಡೆಯಲಾಗದಿದ್ದರೂ ನಷ್ಟ ಕಡಿಮೆ ಮಾಡಬಹುದು. ಫೋರ್ಡ್‌ಗೂ ಎಲ್‌ಎಂಎಲ್‌ಗೂ ಬೈಪಾಸ್ ಕಿಟ್ ಸಿಗುತ್ತದೆ. ಪಂಪ್‌ನ ಹೊಟ್ಟೆಯಲ್ಲಿ ಕ್ಯಾಮ್ ಇರುವ ಜಾಗದ ಡೀಸೆಲ್ ಮಾಮೂಲಿಯಾಗಿ ಮುಂದೆ ಪಿಸ್ಟನ್‌ಗೆ, ಅಲ್ಲಿಂದ ಇಂಜೆಕ್ಟರ್‌ಗೆ ಹೋಗುತ್ತದೆ. ಈ ಕಿಟ್ ಹಾಕಿದರೆ ಫಿಲ್ಟರ್ ಆದ ಡೀಸೆಲ್ ನೇರ ಮೀಟರಿಂಗ್ ವಾಲ್ವ್‌ಗೆ ಹೋಗುತ್ತದೆ, ಹೊಟ್ಟೆಯ ಡೀಸೆಲ್ ರಿಟರ್ನ್ ಕಡೆಗೆ ತಿರುಗುತ್ತದೆ. ಟ್ಯಾಪೆಟ್ ತಿರುಗಿ ಪುಡಿಯಾದರೂ ಇಂಜೆಕ್ಟರ್ ಉಳಿಯುವ ಸಾಧ್ಯತೆ ಜಾಸ್ತಿ. ಪಂಪ್ ಆಯುಸ್ಸು ಇದರಿಂದ ಹೆಚ್ಚುವುದಿಲ್ಲ, ಆ ನಿರೀಕ್ಷೆ ಇಟ್ಟುಕೊಂಡು ಹಾಕಿಸಬೇಡಿ. ಸಿಪಿ4 ತೆಗೆದು ಮೂರು ಪಿಸ್ಟನ್‌ನ ಸಿಪಿ3 ಹಾಕಿಸುವವರೂ ಇದ್ದಾರೆ. ಎಲ್‌ಎಂಎಲ್‌ಗೆ ಅದು ಒಳ್ಳೆಯ ದಾರಿ, ಆದರೆ ವಾರಂಟಿ ಇನ್ನೂ ಇದ್ದರೆ, ಎಮಿಷನ್ ನಿಯಮ ಬಿಗಿ ಇರುವ ರಾಜ್ಯದಲ್ಲಿದ್ದರೆ, ಮೊದಲು ವಿಚಾರಿಸಿ.

ಸೂಚನೆ ಕೊಟ್ಟೇ ಹೋಗುತ್ತದೆ ಅಂತ ಕಾಯಬೇಡಿ, ಎಷ್ಟೋ ಸಲ ಓಡುತ್ತಿರುವಾಗಲೇ ಎಂಜಿನ್ ನಿಂತುಬಿಡುತ್ತದೆ. ಸೂಚನೆ ಬಂದರೆ ಹೀಗೆ ಬರುತ್ತದೆ: ಸ್ಟಾರ್ಟ್ ಆಗಲು ಮೊದಲಿಗಿಂತ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕು, ಲೋಡ್ ಎಳೆಯುವಾಗ ಶಕ್ತಿ ಬೀಳುತ್ತದೆ, ಸ್ಕ್ಯಾನರ್‌ನಲ್ಲಿ ಪಿ0087 ಕೋಡ್ ಕಾಣುತ್ತದೆ, ಅಂದರೆ ರೈಲ್‌ನಲ್ಲಿ ಪ್ರೆಶರ್ ಸಾಲುತ್ತಿಲ್ಲ. ಈ ಕೋಡ್ ಬಂದ ಮಾತ್ರಕ್ಕೆ ಪಂಪ್ ಹೋಯಿತು ಅಂತಲ್ಲ. ಕಟ್ಟಿಕೊಂಡ ಫಿಲ್ಟರ್, ಸೋರುವ ಇಂಜೆಕ್ಟರ್, ಕೆಟ್ಟ ಸೆನ್ಸರ್, ಯಾವುದರಿಂದಲೂ ಬರಬಹುದು. ಮೊದಲು ಫಿಲ್ಟರ್ ಮತ್ತು ಲಿಫ್ಟ್ ಪಂಪ್ ಪ್ರೆಶರ್ ನೋಡಿಸಿ, ಅಗ್ಗದ ಕಡೆಯಿಂದ ಹುಡುಕುತ್ತಾ ಬನ್ನಿ.

ಓಡುತ್ತಿರುವಾಗ ನಿಂತೇ ಹೋದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಪ್ರತಿ ಸಲವೂ ಪುಡಿ ಮುಂದೆ ಮುಂದೆ ಹೋಗುತ್ತದೆ. ಟೋ ಮಾಡಿಸಿ. ಪೆಟ್ರೋಲ್ ಅಥವಾ ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕ್‌ಗೆ ಹಾಕುವ ದ್ರವ) ತಪ್ಪಿ ಡೀಸೆಲ್ ಟ್ಯಾಂಕ್‌ಗೆ ಬಿದ್ದಾಗಲೂ ಅಷ್ಟೇ, ಕೀ ಕೂಡ ಆನ್ ಮಾಡಬೇಡಿ, ಟ್ಯಾಂಕ್ ಖಾಲಿ ಮಾಡಿಸಿ. ವಾರಂಟಿ ಕೇಳಲು ಹೋದಾಗ ಡೀಸೆಲ್ ಕೆಟ್ಟದ್ದು ಹಾಕಿಸಿದ್ದೀರಿ ಅಂತ ವಾಪಸ್ ಕಳಿಸುವುದುಂಟು. ಅದಕ್ಕೇ ಬಂಕ್ ರಸೀದಿ, ಫಿಲ್ಟರ್ ಬಿಲ್ ಎಲ್ಲ ಎತ್ತಿಡಿ, ಟ್ಯಾಂಕ್ ಖಾಲಿ ಮಾಡುವ ಮೊದಲೇ ಒಂದು ಬಾಟಲಿ ಸ್ಯಾಂಪಲ್ ನಿಮ್ಮ ಎದುರಿಗೇ ತೆಗೆಸಿಕೊಳ್ಳಿ. ರಿಪೇರಿಗೆ ಒಪ್ಪಿಕೊಳ್ಳುವಾಗ ಪಂಪ್ ಜೊತೆ ಇಂಜೆಕ್ಟರ್, ರೈಲ್, ಹೈ ಪ್ರೆಶರ್ ಪೈಪ್ ಬದಲಿಸುತ್ತಾರಾ, ಟ್ಯಾಂಕ್ ಮತ್ತು ಲೈನ್ ತೊಳೆಯುತ್ತಾರಾ ಅಂತ ಬರೆಸಿಕೊಳ್ಳಿ. ಪಂಪ್ ಒಂದನ್ನೇ ಹಾಕಿ ಕೊಡುತ್ತೇವೆ ಅನ್ನುವ ಗ್ಯಾರೇಜ್‌ಗೆ ಗಾಡಿ ಬಿಡಬೇಡಿ, ಟ್ಯಾಂಕ್‌ನಲ್ಲಿ ಉಳಿದ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ.