ಮರಿ ತರುವ ಮೊದಲು ತಾಯಿಯನ್ನು ನೋಡಿ

ಆರು ವರ್ಷಗಳ ಹಿಂದೆ ಕೊಡಗಿನ ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟಕ್ಕೆ ಲ್ಯಾಬ್ರಡಾರ್ ಮರಿಯೊಂದನ್ನು ತಂದೆ. ಮಾರುವವನು ಹೆದ್ದಾರಿಯ ಬದಿ ಕಾರು ನಿಲ್ಲಿಸಿ, ರಟ್ಟಿನ ಪೆಟ್ಟಿಗೆಯಿಂದ ಎತ್ತಿ ಕೊಟ್ಟ. ಎರಡು ತಿಂಗಳಾಗಿದೆ, ಲಸಿಕೆಯೂ ಆಗಿದೆ ಎಂದ. ಕಕ್ಕಡ ಮಾಸದ ಜೋರು ಮಳೆಯಲ್ಲಿ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದೆ. ನಾಲ್ಕನೆಯ ದಿನ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ, ನಾಯಿಮರಿಗಳ ಕರುಳಿಗೆ ತಗಲುವ ವೈರಾಣು ರೋಗ. ಪಶುವೈದ್ಯರು ಅದರ ಪುಟ್ಟ ಬಾಯಿ ತೆರೆದು ತೋರಿಸಿದರು: ಹಿಂದಿನ ದವಡೆ ಹಲ್ಲುಗಳು ಇನ್ನೂ ಮೂಡಿರಲಿಲ್ಲ. ಎಂಟು ವಾರ ತುಂಬಿದ ಮರಿಗೆ 28 ಹಾಲುಹಲ್ಲುಗಳೂ ಸಾಮಾನ್ಯವಾಗಿ ಬಂದಿರುತ್ತವೆ. ಆರನೆಯ ದಿನ ಬೆಳಗ್ಗೆ ಅದು ಒಲೆಯ ಪಕ್ಕದಲ್ಲೇ ಸತ್ತುಹೋಯಿತು.

ಆದ್ದರಿಂದ ಮರಿ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಅದು ಹುಟ್ಟಿದ ಜಾಗಕ್ಕೆ ಹೋಗಿ, ತಾಯಿಯನ್ನು ನೋಡಿ. ‘ತಾಯಿ ಬೇರೆ ಊರಿನಲ್ಲಿದೆ’, ‘ಅಷ್ಟು ದೂರ ಯಾಕೆ ಬರುತ್ತೀರಿ, ಕುಶಾಲನಗರಕ್ಕೇ ತಂದುಕೊಡುತ್ತೇನೆ’ ಎಂದರೆ ಮಾತು ಅಲ್ಲಿಗೇ ಮುಗಿಸಿ. ತಾಯಿ ಎದುರಿಗಿದ್ದರೆ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಮಾಲೀಕ ಹತ್ತಿರ ಬಂದಾಗ ಬಾಲ ಮುದುರಿಕೊಂಡು ಮೂಲೆ ಸೇರುತ್ತದೆಯೇ, ಎದ್ದು ಬಂದು ಕೈ ಮೂಸುತ್ತದೆಯೇ? ಹಾಲೂಡಿಸುವ ನಾಯಿ ಸ್ವಲ್ಪ ಬಡವಾಗುವುದು ಸಹಜ. ಪಕ್ಕೆಲುಬು ಎಣಿಸುವಂತಿದ್ದರೆ ಸಹಜವಲ್ಲ. ಮರಿಗಳ ಮೈ ಒಣಗಿ ಹೊಟ್ಟೆ ಮಾತ್ರ ಡೋಲಿನಂತೆ ಉಬ್ಬಿದ್ದರೆ ಜಂತುಹುಳು ಇರಬಹುದು. ಔಷಧಿ ಯಾವ ತಾರೀಖಿನಲ್ಲಿ ಕೊಟ್ಟರೆಂದು ಕೇಳಿ.

ಕಾನೂನೂ ನಿಮ್ಮ ಕಡೆಗಿದೆ. 2017ರ ಕೇಂದ್ರ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯಿಂದ ಮರಿ ಪಡೆಯುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ‘ಇದು ಇದರ ಎಷ್ಟನೆಯ ಸೂಲು?’ ಎಂದು ಕೇಳಲು ಸಂಕೋಚ ಬೇಡ. ಸರಿಯಾದವರು ತಡವರಿಸದೆ ಹೇಳುತ್ತಾರೆ.

ಲಸಿಕೆ ಚೀಟಿಯಲ್ಲಿ ತಾರೀಖು, ಬಾಟಲಿಯ ಲೇಬಲ್, ವೈದ್ಯರ ಸಹಿ, ಮೂರೂ ಇರಲಿ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್‌ನ ಕಾಗದ ವಂಶವನ್ನು ಹೇಳುತ್ತದೆಯೇ ಹೊರತು ಆರೋಗ್ಯವನ್ನಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲೇ ಬರುವುದರಿಂದ ತಂದೆತಾಯಿಗಳ ಎಕ್ಸ್‌ರೇ ಕೇಳಿ. ನಮ್ಮ ಏರುತಗ್ಗಿನ ತೋಟಗಳಲ್ಲಿ ಕುಂಟುವ ನಾಯಿಯ ಬಾಳು ಬಹಳ ಕಷ್ಟ.

ಮೊದಲ ಮರಿ ಪಾರ್ವೊದಿಂದ ಸತ್ತ ಮನೆಗೆ ಬೇಗನೆ ಇನ್ನೊಂದನ್ನು ತರಬೇಡಿ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಾನು ಒಂದೂವರೆ ವರ್ಷ ಕಾದೆ.

ಎರಡನೆಯ ಮರಿ ಸಿಕ್ಕಿದ್ದು ಸೋಮವಾರಪೇಟೆ ಕಡೆಯ ಒಬ್ಬ ಹಿರಿಯರ ಮನೆಯಲ್ಲಿ. ನಾನು ಪ್ರಶ್ನೆ ಕೇಳುವ ಮೊದಲೇ ಅವರು ಶುರುಮಾಡಿದರು: ‘ರಾತ್ರಿ ಎಲ್ಲಿ ಮಲಗಿಸುತ್ತೀಯಮ್ಮ? ಚಿರತೆ ಬರುವ ತೋಟವೇ? ಉಣ್ಣೆ ಹುಳಕ್ಕೆ ಏನು ಹಾಕುತ್ತೀಯ?’ ಮುಂಗಡ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಗೂಡಿಗೆ ಗಟ್ಟಿಯಾದ ಕಬ್ಬಿಣದ ಜಾಲರಿ ಹಾಕಿಸಿ, ಅದರ ಫೋಟೊ ಕಳುಹಿಸಿದ ಮೇಲೆಯೇ ಬಂದು ಕರೆದುಕೊಂಡು ಹೋಗು ಎಂದರು.