ನಲವತ್ತು ಸೋಲುಗಳ ನೋಟ್‌ಬುಕ್

ಆನ್‌ಲೈನ್ ಚೆಸ್ ಶುರು ಮಾಡಿದ ಮೊದಲ ಎರಡು ವರ್ಷ ನಾನು ಆಡಿದ್ದು ಬರೀ ಬ್ಲಿಟ್ಜ್. ಮೂರು ನಿಮಿಷದ ಆಟ. ಒಂದು ಮುಗಿದ ಕೂಡಲೇ ಇನ್ನೊಂದು. ಮಲಗುವ ಮುಂಚೆ ಒಂದೇ ಒಂದು ಆಟ ಅಂತ ಫೋನ್ ಹಿಡಿದರೆ ಮಧ್ಯರಾತ್ರಿ ದಾಟಿರುತ್ತಿತ್ತು. ಹೀಗೆ ಸಾವಿರಾರು ಆಟ ಆಡಿದೆ. ಲೀಚೆಸ್ ಅನ್ನುವ ಚೆಸ್ ವೆಬ್‌ಸೈಟ್‌ನಲ್ಲಿ ನನ್ನ ರೇಟಿಂಗ್ (ಆಟದ ಮಟ್ಟ ಹೇಳುವ ಅಂಕ) ಮಾತ್ರ 1400ರ ಆಸುಪಾಸಿನಲ್ಲೇ ಓಲಾಡುತ್ತಿತ್ತು. ಒಂದು ದಿನ 1450, ಮಾರನೇ ದಿನ 1380.

ರೇಟಿಂಗ್ ಬಗ್ಗೆ ಒಂದು ಮಾತು. ಲೀಚೆಸ್‌ನಲ್ಲಿ ಹೊಸಬರ ಲೆಕ್ಕ 1500ರಿಂದ ಶುರುವಾಗುತ್ತದೆ. ಅಲ್ಲಿ ಬಳಸುವ ಪದ್ಧತಿ ಗ್ಲಿಕೊ-2. ಚೆಸ್ ಡಾಟ್ ಕಾಮ್‌ನ ಲೆಕ್ಕ ಬೇರೆ, ಟೂರ್ನಿಗಳಲ್ಲಿ ಸಿಗುವ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ ಇನ್ನೂ ಬೇರೆ. ಒಂದು ಕಡೆಯ 1400 ಇನ್ನೊಂದು ಕಡೆಯ 1400 ಅಲ್ಲ. ಹಾಗಾಗಿ ನನ್ನ ಅಂಕಿಗಳನ್ನು ನಿಮ್ಮದರ ಜೊತೆ ಹೋಲಿಸಬೇಡಿ.

ಇಷ್ಟು ಆಡಿದರೂ ಯಾಕೆ ಮೇಲೆ ಹೋಗುತ್ತಿಲ್ಲ? ನನಗೆ ನಾನೇ ಕೊಟ್ಟುಕೊಂಡ ಉತ್ತರ, ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳು, ಗೊತ್ತಿಲ್ಲ ಅನ್ನೋದು. ಸರಿ, ಸಿಸಿಲಿಯನ್ ಡಿಫೆನ್ಸ್ ಅನ್ನುವ ಓಪನಿಂಗ್ ಬಾಯಿಪಾಠ ಮಾಡೋಕೆ ಕೂತೆ. ಹನ್ನೆರಡನೇ ನಡೆಯವರೆಗೂ ಉರು ಹೊಡೆದೆ. ಎದುರಾಳಿಗಳು ಅದನ್ನು ಓದಿರಲೇ ಇಲ್ಲ ನೋಡಿ, ನಾಲ್ಕನೇ ನಡೆಗೇ ದಾರಿ ಬಿಟ್ಟು ಹೋಗುತ್ತಿದ್ದರು. ಮೂರು ತಿಂಗಳು ಕಳೆಯಿತು. ರೇಟಿಂಗ್ 1410.

ಒಂದು ಭಾನುವಾರ ಬೇಸರಕ್ಕೆ ಒಂದು ಕೆಲಸ ಮಾಡಿದೆ. ನಾನು ಸೋತ ಕೊನೆಯ ನಲವತ್ತು ಆಟಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಇಂಜಿನ್ (ಸರಿಯಾದ ನಡೆ ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ) ಆಫ್ ಮಾಡಿಟ್ಟೆ. ಎಲ್ಲಿ ಆಟ ಕೈ ತಪ್ಪಿತೋ ಅಲ್ಲಿ ನಿಲ್ಲಿಸಿ, ಕಾರಣ ಏನು ಅಂತ ನೋಟ್‌ಬುಕ್‌ನಲ್ಲಿ ನನ್ನದೇ ಮಾತಿನಲ್ಲಿ ಬರೆದೆ. ದೊಡ್ಡ ಪದ ಬೇಡ ಅಂತ ತೀರ್ಮಾನಿಸಿದ್ದೆ. ಸಂಜೆಯ ಹೊತ್ತಿಗೆ ಎಲ್ಲ ಕಾರಣಗಳೂ ನಾಲ್ಕೇ ಮಾತಿಗೆ ಬಂದು ನಿಂತಿದ್ದವು. "ಕಣ್ಣಿಗೆ ಬೀಳಲಿಲ್ಲ": 19. "ಆಸೆಬಿದ್ದೆ": 9. "ಅವಸರ": 8. "ಗೊತ್ತೇ ಇರಲಿಲ್ಲ": 4.

ಆ ಕೊನೆಯ ನಾಲ್ಕಕ್ಕಾಗಿ ನಾನು ಮೂರು ತಿಂಗಳು ಸಿಸಿಲಿಯನ್ ಓದಿದ್ದೆ! ಆ ನಾಲ್ಕರಲ್ಲೂ ಸಿಸಿಲಿಯನ್ ಒಂದೇ ಒಂದು.

"ಕಣ್ಣಿಗೆ ಬೀಳಲಿಲ್ಲ" ಅನ್ನುವ ಹತ್ತೊಂಬತ್ತೂ ಒಂದೇ ಕಥೆ. ಎದುರಾಳಿ ಒಂದು ನಡೆ ಆಡುತ್ತಾರೆ. ನನ್ನ ತಲೆಯಲ್ಲಿ ಆಗಲೇ ನನ್ನದೇ ಒಂದು ಯೋಜನೆ ಓಡುತ್ತಿರುತ್ತದೆ. ಅವರ ನಡೆಯನ್ನು ನೋಡುತ್ತೇನೆ, ಆದರೆ ನೋಡುವುದಿಲ್ಲ. ನನ್ನ ನಡೆ ಆಡುತ್ತೇನೆ. ಆಮೇಲೆ ನನ್ನ ಕುದುರೆ ಬೋರ್ಡ್ ಮೇಲಿಲ್ಲ. ಒಂದು ಆಟದಲ್ಲಿ ನಾನು ಎರಡು ಕಾಲಾಳು ಮುಂದಿದ್ದೆ. ರಾಜ ಜಿ8ರಲ್ಲಿ (ಬೋರ್ಡಿನ ಮನೆಗಳಿಗೆ ಬಿಳಿಯ ಎಡದಿಂದ ಎ ಇಂದ ಎಚ್ ಅಕ್ಷರ, ಬಿಳಿಯ ಕಡೆಯಿಂದ 1ರಿಂದ 8 ಅಂಕಿ), ಅವನ ಮುಂದೆ ಎಫ್7, ಜಿ7, ಎಚ್7 ಕಾಲಾಳುಗಳು ಅಲುಗಾಡದೆ ನಿಂತಿದ್ದವು. ಎದುರಾಳಿ ಆನೆಯನ್ನು ಇ ಸಾಲಿಗೆ ತಂದರು. ಯಾಕೆ ತಂದರು ಅಂತ ಒಂದು ಕ್ಷಣ ಕೇಳಿಕೊಂಡಿದ್ದರೂ ಸಾಕಿತ್ತು. ನಾನು ಇನ್ನೊಂದು ಕಾಲಾಳು ಹೊಡೆಯೋಕೆ ಹೋದೆ. ಆನೆ ಇ8, ಮೇಟ್.

"ಆಸೆಬಿದ್ದೆ" ಅನ್ನುವವು ನನಗೆ ಹೆಚ್ಚು ನಾಚಿಕೆ ತಂದವು. ಬಿ2ರಲ್ಲಿ ಒಂದು ಕಾಲಾಳು ಕಾವಲಿಲ್ಲದೆ ನಿಂತಿದ್ದರೆ ನನ್ನ ಮಂತ್ರಿ ಹೋಗಿ ಅದನ್ನು ಹೊಡೆಯಲೇಬೇಕು. ಹೊಡೆದ ಮೇಲೆ ಹೊರಗೆ ಬರೋಕೆ ದಾರಿ ಇರುವುದಿಲ್ಲ. ಒಂಬತ್ತರಲ್ಲಿ ಮೂರು ಸಲ ಇದೇ ಬಿ2. (ಮಂತ್ರಿ ಅಂದರೆ ಕ್ವೀನ್. ಚಿಕ್ಕಂದಿನಿಂದ ಮಂತ್ರಿ ಅಂತಲೇ ಕಲಿತವನು, ಈಗ ಬದಲಾಯಿಸೋಕೆ ಆಗಲ್ಲ.)

ಆ ಭಾನುವಾರದ ನಂತರ ಮೊದಲು ಬದಲಿಸಿದ್ದು ಸಮಯ. ಮೂರು ನಿಮಿಷದ ಆಟ ಬಿಟ್ಟು ರ್ಯಾಪಿಡ್ ಅನ್ನುವ ನಿಧಾನದ ಆಟಕ್ಕೆ, 15+10ಕ್ಕೆ, ಬಂದೆ. ಅಂದರೆ ಇಬ್ಬರಿಗೂ 15 ನಿಮಿಷ, ಪ್ರತಿ ನಡೆ ಆಡಿದ ಮೇಲೆ 10 ಸೆಕೆಂಡ್ ಜಮೆ. ಹೀಗೆ ಸೆಕೆಂಡ್ ಸೇರಿಸುವ ಗಡಿಯಾರಕ್ಕೆ ಪೇಟೆಂಟ್ ಪಡೆದಿದ್ದು ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್, 1989ರಲ್ಲಿ. ಆ ಹತ್ತು ಸೆಕೆಂಡ್ ನನಗೆ ದೊಡ್ಡ ವರ. ಎಷ್ಟೇ ಸಮಯ ಕಡಿಮೆಯಾಗಿದ್ದರೂ "ಇವರು ಈ ನಡೆ ಯಾಕೆ ಆಡಿದರು" ಅಂತ ಕೇಳಿಕೊಳ್ಳಲು ಹತ್ತು ಸೆಕೆಂಡ್ ಸಾಕು.

ಕೇಳಿಕೊಳ್ಳುವುದು ಗೊತ್ತಿದ್ದರೂ ನೆನಪಾಗಬೇಕಲ್ಲ? ಅದೇ ಕಷ್ಟ. ಮೊದಲ ಒಂದು ವಾರ ಆಟ ಶುರುವಾದಾಗ ನೆನಪಿರುತ್ತಿತ್ತು, ಹತ್ತನೇ ನಡೆ ಹೊತ್ತಿಗೆ ಮರೆತು ಹೋಗುತ್ತಿತ್ತು. ಕೊನೆಗೆ ಕೈಗೆ ಒಂದು ಅಭ್ಯಾಸ ಹಾಕಿದೆ. ಎದುರಾಳಿ ಯೋಚಿಸುವಾಗ ನನ್ನ ಕೈ ಮೌಸ್ ಮೇಲೆ ಇರಬಾರದು, ತೊಡೆ ಮೇಲೆ ಇರಬೇಕು. ಅವರು ನಡೆ ಆಡಿದ ಮೇಲೆ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲಷ್ಟೇ ಕೈ ಮೇಲೆ ಬರಬೇಕು. ಆ ಕಾಯಿ ಹೊಸ ಜಾಗದಿಂದ ಏನನ್ನು ಹೊಡೆಯುತ್ತದೆ? ಹಳೇ ಜಾಗ ಬಿಟ್ಟಿದ್ದರಿಂದ ಯಾವುದರ ಕಾವಲು ತಪ್ಪಿತು, ಯಾವ ದಾರಿ ತೆರೆಯಿತು? ನಾನು ಅಂದುಕೊಂಡ ನಡೆ ಆಡಿದರೆ ಅವರ ಹತ್ತಿರ ಯಾವ ಚೆಕ್ ಇದೆ, ಏನು ಹೊಡೆಯಬಹುದು? ಎರಡನೇ ಪ್ರಶ್ನೆಯನ್ನು ನಾವು ಯಾರೂ ಕೇಳುವುದಿಲ್ಲ. ನನಗೆ ಪುಕ್ಕಟೆ ಸಿಕ್ಕ ಕಾಯಿಗಳಲ್ಲಿ ಅರ್ಧ ಆ ಪ್ರಶ್ನೆಯಿಂದಲೇ ಸಿಕ್ಕಿವೆ.

ಮೊದಲ ತಿಂಗಳು ರೇಟಿಂಗ್ ಕೆಳಗೆ ಹೋಯಿತು. 1340. ಪ್ರತಿ ನಡೆಗೂ ಇಷ್ಟೆಲ್ಲ ಕೇಳಿಕೊಂಡು ಗಡಿಯಾರದಲ್ಲಿ ಸೋಲುತ್ತಿದ್ದೆ. ಬಿಟ್ಟುಬಿಡೋಣ ಅನಿಸಿತ್ತು. ಆದರೆ ಪಟ್ಟಿಯಲ್ಲಿ "ಕಣ್ಣಿಗೆ ಬೀಳಲಿಲ್ಲ" ಅನ್ನೋದು ಕಡಿಮೆಯಾಗಿ "ಟೈಮ್ ಮುಗೀತು" ಅನ್ನೋ ಹೊಸ ಕಾರಣ ಬಂದಿತ್ತು. ಕಾರಣ ಬದಲಾಗಿದೆ ಅಂದರೆ ಏನೋ ಆಗುತ್ತಿದೆ ಅಂತ ಮುಂದುವರಿಸಿದೆ. ಎರಡನೇ ತಿಂಗಳ ಕೊನೆಗೆ ಪ್ರಶ್ನೆಗಳು ಕಣ್ಣಿಗೇ ಅಂಟಿಕೊಂಡವು, ಬಾಯಲ್ಲಿ ಹೇಳಿಕೊಳ್ಳಬೇಕಾಗಲಿಲ್ಲ.

ಪಜಲ್ ವಿಷಯ, ಅಂದರೆ ಕೊಟ್ಟ ಸ್ಥಿತಿಯಲ್ಲಿ ಸರಿಯಾದ ನಡೆ ಹುಡುಕುವ ಒಗಟು. ಮುಂಚೆಯೂ ಬಿಡಿಸುತ್ತಿದ್ದೆ, ಐದು ನಿಮಿಷದಲ್ಲಿ ಎಷ್ಟು ಆಗುತ್ತೋ ಅಷ್ಟು. ಅರ್ಧ ಊಹೆ. ಮಂತ್ರಿಯನ್ನು ಬಲಿ ಕೊಟ್ಟರೆ ಸಾಮಾನ್ಯವಾಗಿ ಅದೇ ಉತ್ತರ ಅಲ್ವಾ, ಕೊಟ್ಟು ನೋಡೋಣ! ಈಗ ದಿನಕ್ಕೆ ಹತ್ತೇ. ಎದುರಾಳಿಯ ಉತ್ತರಗಳನ್ನೂ ಸೇರಿಸಿ ಕೊನೆಯವರೆಗೆ ತಲೆಯಲ್ಲೇ ಬಿಡಿಸಿದ ಮೇಲೆ ಮೊದಲ ನಡೆ. ತಪ್ಪಿದ್ದನ್ನು ಒಂದು ವಾರ ಬಿಟ್ಟು ಮತ್ತೆ ಬಿಡಿಸುತ್ತೇನೆ. ಫೋರ್ಕ್ (ಒಂದೇ ಕಾಯಿಯಿಂದ ಎರಡಕ್ಕೆ ಏಟು), ಪಿನ್ (ಹಿಂದಿನ ಕಾಯಿ ಉಳಿಸಲು ಮುಂದಿನದು ಅಲುಗಾಡದಂತೆ ಕಟ್ಟಿಹಾಕುವುದು), ಬ್ಯಾಕ್ ರ್ಯಾಂಕ್ (ರಾಜನಿಗೆ ಕೊನೆಯ ಸಾಲಿನಲ್ಲಿ ಮೇಟ್) ಅಂತ ಒಂದು ವಾರಕ್ಕೆ ಒಂದೇ ಬಗೆ ಹಿಡಿದುಕೊಂಡಿದ್ದು ನನಗೆ ಬಹಳ ಉಪಯೋಗವಾಯಿತು. ಒಂದೇ ಆಕಾರ ನೂರು ಸಲ ಕಂಡರೆ ನೂರಾ ಒಂದನೇ ಸಲ ಅದನ್ನು ಹುಡುಕಬೇಕಿಲ್ಲ, ಅದೇ ಎದ್ದು ಕಾಣುತ್ತದೆ. ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಬಗ್ಗೆಯೇ. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿದರೆ ಮಾಸ್ಟರ್ ಬಹುಪಾಲು ಕಾಯಿಗಳನ್ನು ನೆನಪಿನಿಂದಲೇ ಜೋಡಿಸಬಲ್ಲರು, ಹೊಸಬರಿಗೆ ಕೆಲವೇ ಕಾಯಿ ನೆನಪಿರುತ್ತದೆ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಮಾಸ್ಟರ್‌ಗಳ ನೆನಪಿನ ಶಕ್ತಿ ಜಾಸ್ತಿ ಅಂತಲ್ಲ, ಆಕಾರಗಳ ಪರಿಚಯ ಜಾಸ್ತಿ.

ಪಜಲ್‌ನಲ್ಲಿ ಒಂದು ಮೋಸವೂ ಇದೆ. ಇಲ್ಲಿ ಏನೋ ಇದೆ ಅಂತ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಯಾರೂ ಬಂದು ಪಿಸುಗುಟ್ಟುವುದಿಲ್ಲ. ನನ್ನ ಪಜಲ್ ರೇಟಿಂಗ್ 2000 ದಾಟಿದಾಗಲೂ ಆಟದಲ್ಲಿ ಎರಡು ನಡೆಯ ಫೋರ್ಕ್ ಬಿಡುತ್ತಿದ್ದೆ. ಅದಕ್ಕೆ ಆ ಮೂರು ಪ್ರಶ್ನೆಯೇ ಮದ್ದು, ಇನ್ನೂ ಹೆಚ್ಚು ಪಜಲ್ ಅಲ್ಲ.

ಓಪನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿಗೆ ಇಟಾಲಿಯನ್ ಅನ್ನುವ ಓಪನಿಂಗ್, ಕಪ್ಪಿಗೆ ಇ4 ಎದುರು ಇ5, ಅಷ್ಟೇ. ಸೋತಾಗ ಮಾತ್ರ ಒಂದೊಂದು ನಡೆ ಕಲಿತೆ. ಉದಾಹರಣೆಗೆ ಬಿಳಿ ಕುದುರೆ ಜಿ5ಕ್ಕೆ ಬಂದು ಎಫ್7 ಮೇಲೆ ಕಣ್ಣು ಹಾಕುವ ಆಟ. ನಾನು ಡಿ5 ಆಡುತ್ತೇನೆ, ಅವರು ಅದನ್ನು ಹೊಡೆಯುತ್ತಾರೆ, ನಾನು ಕುದುರೆಯಿಂದ ಮತ್ತೆ ಹೊಡೆಯುತ್ತೇನೆ. ಅಲ್ಲಿಗೆ ಅವರ ಕುದುರೆ ಎಫ್7ಕ್ಕೆ ನುಗ್ಗಿ ನನ್ನ ರಾಜನನ್ನು ಬೋರ್ಡ್ ನಡುವೆ ಎಳೆದು ತರುತ್ತದೆ. ಫ್ರೈಡ್ ಲಿವರ್ ಅಂತ ಹೆಸರು. ಮೂರು ಸಲ ಹುರಿಸಿಕೊಂಡ ಮೇಲೆ ಕಲಿತೆ: ಹೊಡೆಯುವ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ತಂದು ಅವರ ಒಂಟೆಗೆ (ಬಿಷಪ್) ಕೈ ಹಾಕಬೇಕು. ಆ ಒಂದು ನಡೆ ಸಾಕಾಯಿತು.

ನನಗೆ ನಿಜಕ್ಕೂ ಪಾಯಿಂಟ್ ತಂದುಕೊಟ್ಟಿದ್ದು ಎಂಡ್‌ಗೇಮ್ (ಕೆಲವೇ ಕಾಯಿ ಉಳಿದಿರುವ ಕೊನೆಯ ಹಂತ), ಅದೂ ತೀರಾ ಸಣ್ಣದು. ಒಂದು ಆಟದಲ್ಲಿ ರಾಜ ಮತ್ತು ಒಂದು ಕಾಲಾಳು ನನ್ನದು, ಎದುರು ಬರೀ ರಾಜ. ಗೆದ್ದೆ ಅಂತ ಕಾಲಾಳನ್ನು ತಳ್ಳುತ್ತಾ ಹೋದೆ. ಇ7ಕ್ಕೆ ಕಾಲಾಳು ಬಂತು, ನನ್ನ ರಾಜ ಇ6, ಅವರ ರಾಜ ಇ8. ಅವರಿಗೆ ಇಡಲು ಮನೆಯೇ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್, ಡ್ರಾ. ಐವತ್ತು ನಡೆಯ ಕಷ್ಟ ನೀರುಪಾಲು. ಆ ರಾತ್ರಿಯೇ ಕಲಿತೆ: ಕಾಲಾಳು ಹಿಂದೆ ಇರಲಿ, ರಾಜ ಮುಂದೆ ನಡೆಯಲಿ. ರಾಜ ಆರನೇ ಸಾಲು ತಲುಪಿ ಕಾಲಾಳು ಅವನ ಹಿಂದೆಯೇ ಇದ್ದರೆ, ಸರದಿ ಯಾರದ್ದೇ ಆಗಿರಲಿ, ಗೆಲುವು ಗ್ಯಾರಂಟಿ. ತುದಿಯ ಎ ಮತ್ತು ಎಚ್ ಸಾಲಿನ ಕಾಲಾಳಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಇದನ್ನು ಕಲಿಯಲು ಒಂದು ಗಂಟೆ ಬೇಕಾಯಿತು. ಆನೆ ಬದಲಾಯಿಸಿ ಕಾಲಾಳಿನ ಆಟಕ್ಕೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸುವ ಧೈರ್ಯ ಅಲ್ಲಿಂದ ಬಂತು.

ಇಂಜಿನ್ ಬಳಸುವ ರೀತಿಯನ್ನೂ ಬದಲಿಸಿದೆ. ಮುಂಚೆ ಆಟ ಮುಗಿದ ತಕ್ಷಣ ಸ್ಟಾಕ್‌ಫಿಶ್ ಅನ್ನುವ ಇಂಜಿನ್ ಹಚ್ಚಿ ಕೆಂಪು ಗುರುತು ಎಣಿಸುತ್ತಿದ್ದೆ. ಅದು ತೋರಿಸುವ ನಡೆ ಸರಿಯೇ, ಆದರೆ ಯಾಕೆ ಸರಿ ಅಂತ ಅದು ಹೇಳುವುದಿಲ್ಲ. ಈಗ ಮೊದಲು ನಾನೇ ಒಂದು ಸಲ ನೋಡಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ, ಆಮೇಲೆ ಇಂಜಿನ್. ಎರಡು ಕಾಲಾಳಿನಷ್ಟು ತೂಕ ಒಮ್ಮೆಲೇ ವಾಲಿದ ಜಾಗ ಮಾತ್ರ ನೋಡುತ್ತೇನೆ. ಅರ್ಧ ಕಾಲಾಳಿನ ವ್ಯತ್ಯಾಸ ನನ್ನ ಮಟ್ಟದ ತಲೆನೋವು ಅಲ್ಲ.

ಇನ್ನು ಸಿಟ್ಟು. ಸೋತ ಕೂಡಲೇ ಹೊಸ ಆಟದ ಬಟನ್ ಒತ್ತುವ ಬೆರಳು ನನ್ನ ದೊಡ್ಡ ಶತ್ರು. ನಲವತ್ತು ಸೋಲುಗಳ ಸಮಯ ನೋಡಿದಾಗ ಬಹಳಷ್ಟು ಗೊಂಚಲು ಗೊಂಚಲಾಗಿ ಬಿದ್ದಿದ್ದವು, ಒಂದೇ ರಾತ್ರಿ ಐದು, ಆರು. ಈಗ ಸತತ ಎರಡು ಸೋತರೆ ಅವತ್ತಿಗೆ ಬಂದ್. ಝೆನ್ ಮೋಡ್ (ಆಟಕ್ಕೆ ಬೇಡದ್ದನ್ನೆಲ್ಲ ಪರದೆಯಿಂದ ಮರೆಮಾಡುವ ಆಯ್ಕೆ) ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ರೇಟಿಂಗ್ ಕಾಣದ ಹಾಗೆ ಮಾಡಿಕೊಂಡೆ. ಒಂದು ಲೆಕ್ಕವೂ ಸಮಾಧಾನ ಕೊಟ್ಟಿತು. ರೇಟಿಂಗ್ ಲೆಕ್ಕ ಹಾಕುವ ಎಲೋ ಸೂತ್ರದ ಪ್ರಕಾರ ನಿಮಗಿಂತ 100 ಪಾಯಿಂಟ್ ಕಡಿಮೆ ಇರುವವರ ಎದುರು ನೂರು ಆಟ ಆಡಿದರೆ ನಿಮಗೆ ಸಿಗಬೇಕಾದದ್ದು ಸುಮಾರು 64 ಅಂಕ. ಉಳಿದ 36 ಅವರದ್ದು. "ಇಂಥವರ ಕೈಲಿ ಸೋತೆನಲ್ಲ" ಅಂತ ಸುಮ್ನೆ ಹಲ್ಲು ಕಡಿಯುತ್ತಿದ್ದೆ. ಅದು ಲೆಕ್ಕದಲ್ಲೇ ಇದ್ದ ಸೋಲು.

ಒಂದೂವರೆ ವರ್ಷದಲ್ಲಿ ರ್ಯಾಪಿಡ್ 1750ರ ಹತ್ತಿರ ಬಂದಿದೆ. ಅಲ್ಲಿಂದ ನಾಲ್ಕು ತಿಂಗಳಾಯಿತು, ಅಲುಗಾಡಿಲ್ಲ. ಬ್ಲಿಟ್ಜ್ ಪೂರ್ತಿ ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ, ವಾರಾಂತ್ಯದಲ್ಲಿ ಬೆರಳು ಕೇಳಲ್ಲ. ನೋಟ್‌ಬುಕ್ ಎರಡನೆಯದು ಶುರುವಾಗಿದೆ. ಈಗಿನ ಪಟ್ಟಿಯಲ್ಲಿ ಹೊಸದೊಂದು ಸಾಲು ಬೆಳೆಯುತ್ತಿದೆ. ಎದುರಾಳಿಯ ಕುದುರೆ ಮುಂದೆ ಹಾರಿದರೆ ನನಗೆ ಕಾಣುತ್ತದೆ, ಹಿಂದಕ್ಕೆ ಹಾರಿದರೆ ಕಾಣುವುದಿಲ್ಲ. ಕುದುರೆ ಅಂದರೆ ಮುಂದೆ ಓಡುವುದು ಅಂತ ತಲೆಯಲ್ಲಿ ಕೂತಿರಬೇಕು. ಮೊನ್ನೆ ನಾನು ಕಪ್ಪು. ನನ್ನ ಮಂತ್ರಿ ಬಿ5ರಲ್ಲಿ, ಆನೆ ಇ6ರಲ್ಲಿ. ಅವರ ಕುದುರೆ ಎಫ್5ರಲ್ಲಿ ನನ್ನ ರಾಜನ ಕಡೆ ಮುಖ ಮಾಡಿ ನಿಂತಿತ್ತು. ಜಿ7, ಎಚ್6, ಇ7 ಎಲ್ಲ ಮನೆಗಳನ್ನೂ ಎರಡೆರಡು ಸಲ ನೋಡಿ, ಪರವಾಗಿಲ್ಲ ಅಂತ ಕೈ ತೊಡೆಯಿಂದ ಮೇಲೆ ತಂದೆ. ಕುದುರೆ ಹಿಂದಕ್ಕೆ ಹಾರಿ ಡಿ4ಕ್ಕೆ ಬಂತು. ಮಂತ್ರಿ, ಆನೆ ಎರಡಕ್ಕೂ ಒಂದೇ ಏಟು. ಪುಟದಲ್ಲಿ ತಾರೀಖು ಹಾಕಿ ಬರೆದೆ: "ಕಣ್ಣಿಗೆ ಬೀಳಲಿಲ್ಲ. ಮತ್ತೆ ಕುದುರೆ, ಮತ್ತೆ ಹಿಂದಕ್ಕೆ."