ಶಟರ್ ಬಿಗಿಯಾಗಿದ್ದರೆ ಗ್ರೀಸ್ ಬೇಡ, ಮೇಣದಬತ್ತಿ ಉಜ್ಜಿ

ಕಾರು ನಿಲ್ಲಿಸುವ ಜಾಗದ ರೋಲಿಂಗ್ ಶಟರ್ ಎಳೆಯೋಕೆ ಬಿಗಿಯಾಗಿದ್ದರೆ, ಎರಡೂ ಬದಿಯ ಚಾನೆಲ್ ಒಳಗೆ ಒಣಬಟ್ಟೆಯಿಂದ ಒರೆಸಿ, ಬಿಳಿ ಮೇಣದಬತ್ತಿ ಉಜ್ಜಿ. ಗ್ರೀಸಿಗೆ ರಸ್ತೆ ಧೂಳೆಲ್ಲ ಅಂಟಿ ಕಪ್ಪು ಮುದ್ದೆಯಾಗಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಒಣ ಮೇಣಕ್ಕೆ ಧೂಳು ಅಷ್ಟು ಅಂಟುವುದಿಲ್ಲ, ಪಟ್ಟಿಗಳು ಸಲೀಸಾಗಿ ಜಾರುತ್ತವೆ. ಚಾನೆಲ್ ಸೊಟ್ಟಗಾಗಿದ್ದರೆ ಅಥವಾ ತುಕ್ಕು ತಿಂದಿದ್ದರೆ ಇದರಿಂದ ಉಪಯೋಗವಿಲ್ಲ. ಹಾಗೇ, ಶಟರನ್ನು ಸೊಂಟದ ಎತ್ತರಕ್ಕೆ ಎತ್ತಿ, ಕೈ ಪೂರ್ತಿ ಬಿಡದೆ ಹಿಡಿತ ಸಡಿಲಿಸಿ ನೋಡಿ. ಭಾರವಾಗಿ ಕೆಳಗೆ ಜಗ್ಗಿದರೆ ಮೇಲಿನ ಸ್ಪ್ರಿಂಗ್ ಸೋತಿದೆ ಅಂತ. ಅದನ್ನು ಮಾತ್ರ ದಯವಿಟ್ಟು ನೀವೇ ಬಿಚ್ಚಬೇಡಿ. ಬಿಗಿಯಾಗಿ ಸುತ್ತಿಟ್ಟ ಸ್ಪ್ರಿಂಗ್ ಕೈ ಮುರಿಯುವಷ್ಟು ಜೋರಾಗಿ ಬಿಚ್ಚಿಕೊಳ್ಳಬಹುದು. ಶಟರ್ ರಿಪೇರಿಯವರನ್ನೇ ಕರೆಸಿ, ಅಲ್ಲಿಯವರೆಗೆ ಮಕ್ಕಳನ್ನು ಅದರ ಕೆಳಗೆ ಓಡಾಡೋಕೆ ಬಿಡಬೇಡಿ.